ಮರದ ಮೇಲೆ ಪುಟ್ಟ ಕನ್ನಡ ಅಕ್ಷರ ಕೆತ್ತುವುದು: ನಕ್ಷೆಯಿಂದ ಪಾಲಿಶ್‌ವರೆಗೆ

ಪೆಟ್ಟಿಗೆಯ ಮುಚ್ಚಳದ ಮೇಲೆ ಒಂದು ಹೆಸರು. ಬಾಗಿಲ ಪಕ್ಕದ ಹಲಗೆಯ ಮೇಲೆ ಮನೆಯ ಹೆಸರು. ತೊಟ್ಟಿಲಿನ ಪಟ್ಟಿಯ ಮೇಲೆ ಮಗು ಹುಟ್ಟಿದ ತಾರೀಖು. ಮರಗೆಲಸ ಕಲಿತವರಿಗೆ ಒಂದಲ್ಲ ಒಂದು ದಿನ ಅಕ್ಷರ ಕೆತ್ತುವ ಆಸೆ ಬಂದೇ ಬರುತ್ತದೆ. ಆಗ ಹುಡುಕಿದರೆ ಸಿಗುವ ಪಾಠಗಳು ಬಹುಪಾಲು ರೋಮನ್ ಅಕ್ಷರಕ್ಕೆ ಹೇಳಿದವು. ಅಲ್ಲಿ ನೇರ ಗೆರೆ ಜಾಸ್ತಿ, ಬಾಗು ಕಡಿಮೆ. ಕನ್ನಡದಲ್ಲಿ ಲೆಕ್ಕ ಉಲ್ಟಾ. ನೇರ ಗೆರೆ ಅಪರೂಪ, ಮೈಯೆಲ್ಲ ಬಾಗು. ಮೇಲೆ ಗುಡಿಸು, ಎತ್ವ. ಕೆಳಗೆ ಒತ್ತು. ಒಳಗೆ ಪುಟ್ಟ ಪುಟ್ಟ ಖಾಲಿ ಜಾಗ. ರೋಮನ್ ಪಾಠವನ್ನು ಹಾಗೇ ಹಿಡಿದು ಹೊರಟರೆ ಮೊದಲ ಗುಡಿಸಿನಲ್ಲೇ ಮರ ಎದ್ದು ಬರುತ್ತದೆ.

ನನ್ನ ಮಾತು ಇಷ್ಟೇ: ಮರದ ಮೇಲೆ ಕನ್ನಡ ಅಕ್ಷರ ಎಷ್ಟು ಚಿಕ್ಕದಾಗಬಹುದು ಅನ್ನುವುದನ್ನು ಅದರೊಳಗಿನ ಅತಿ ಸಣ್ಣ ಖಾಲಿ ಜಾಗವೇ ಹೇಳುತ್ತದೆ. ಆ ಜಾಗ ಉಳಿದರೆ ಅಕ್ಷರ ಉಳಿಯಿತು. ಮರದ ಆಯ್ಕೆ, ಫಾಂಟ್, ಕತ್ತರಿಸುವ ದಿಕ್ಕು ಎಲ್ಲವೂ ಅದನ್ನು ಉಳಿಸಿಕೊಳ್ಳುವುದಕ್ಕೇ.

ಕೈಯಲ್ಲಿ ಹಿಡಿದು ನೋಡಲು ಒಂದು ಪದ ಇಟ್ಟುಕೊಳ್ಳೋಣ: ‘ನೆಮ್ಮದಿ’. ಮನೆಗೆ ಇಡುವ ಹೆಸರಲ್ಲಿ ಇದು ಸಾಮಾನ್ಯ. ಮೂರೇ ಅಕ್ಷರ, ಆದರೆ ಎತ್ವ, ಒತ್ತು, ಗುಡಿಸು ಮೂರೂ ಇವೆ. ಇದನ್ನು ಕೆತ್ತಲು ಬಂದರೆ ಉಳಿದದ್ದು ಬಹುಪಾಲು ಬಂದಂತೆಯೇ. ಅಕ್ಷರದ ಮೈ 25 ಮಿ.ಮೀ. ಎತ್ತರ, ಹಲಗೆ 250 ಮಿ.ಮೀ. ಉದ್ದ, 100 ಮಿ.ಮೀ. ಅಗಲ, 18 ಮಿ.ಮೀ. ದಪ್ಪ ಅಂದುಕೊಳ್ಳಿ.

ಮರ

ಸಣ್ಣ ಅಕ್ಷರಕ್ಕೆ ಬೇಕಾದದ್ದು ಎಳೆಗಳು, ಅಂದರೆ ಮರದ ನಾರುಗಳು, ಒತ್ತಾಗಿರುವ, ಒಂದೇ ಸಮನಾದ ಮರ. ಚನ್ನಪಟ್ಟಣದ ಆಟಿಕೆಗೆ ಬಳಸುವ ಆಲೆ ಮರ ಇದಕ್ಕೆ ಹೇಳಿ ಮಾಡಿಸಿದ್ದು. ಬಿಳಿ ಬಣ್ಣ, ನಯವಾದ ಮೈ. ಚಾಕು ಯಾವ ಕಡೆ ತಿರುಗಿದರೂ ಅಷ್ಟಾಗಿ ಸಿಡಿಯುವುದಿಲ್ಲ. ಅಗಲವಾದ ಹಲಗೆ ಸಿಗುವುದು ಕಷ್ಟ, ಹಾಗಾಗಿ ಡಬ್ಬಿ, ಮುಚ್ಚಳ, ಕೀಲಿಕೈ ಗೊಂಚಲಿನಂಥ ಪುಟ್ಟ ವಸ್ತುಗಳಿಗೆ ಅದು ಸರಿ. ಕೆತ್ತನೆಗೆ ಹೊಸಬರಾದರೆ ಶಿವನಿ ಮರ ಕೇಳಿ ನೋಡಿ. ಹಗುರ, ಮೆದು, ಚಾಕುವಿಗೆ ಹಿತ.

ತೇಗ ಎಲ್ಲರಿಗೂ ಗೊತ್ತು, ಎಲ್ಲ ಕಡೆ ಸಿಗುತ್ತದೆ, ಮಳೆ ಬಿಸಿಲು ತಡೆಯುತ್ತದೆ. ಹೊರಗಿನ ನಾಮಫಲಕಕ್ಕೆ ಅದೇ ಇರಲಿ. ಆದರೆ ಎರಡು ವಿಷಯ ನೆನಪಿರಲಿ. ತೇಗದೊಳಗೆ ಸಿಲಿಕಾ ಇರುತ್ತದೆ, ಅದು ಅಲಗನ್ನು ಬೇಗ ಮೊಂಡು ಮಾಡುತ್ತದೆ. ಎರಡನೆಯದು, ಅದರ ವರ್ಷದ ಉಂಗುರಗಳಲ್ಲಿ ಒಂದು ಪಟ್ಟಿ ಗಟ್ಟಿ, ಪಕ್ಕದ ಪಟ್ಟಿ ತೂತುತೂತು. ಗುಡಿಸಿನ ಒಳಭಾಗ ಆ ತೂತಿನ ಪಟ್ಟಿಯ ಮೇಲೆ ಬಂದರೆ ಪುಡಿಯಾಗಿ ಉದುರುತ್ತದೆ. ನಕ್ಷೆ ಅಂಟಿಸುವ ಮುಂಚೆ ಹಲಗೆಯನ್ನು ಬೆಳಕಿಗೆ ಹಿಡಿದು ನೋಡಿ. ಪದವನ್ನು ನಾಲ್ಕೈದು ಮಿ.ಮೀ. ಆಚೀಚೆ ಸರಿಸಿದರೆ ಎಷ್ಟೋ ಸಲ ಈ ತೊಂದರೆ ತಪ್ಪುತ್ತದೆ.

ಬೀಟೆ ಮರದಲ್ಲಿ ಅಕ್ಷರ ತುಂಬ ಚೊಕ್ಕವಾಗಿ ಬರುತ್ತದೆ, ಅಂಚು ಗಾಜಿನಷ್ಟು ಚೂಪಾಗಿ ನಿಲ್ಲುತ್ತದೆ. ಆದರೆ ಮರ ಕಪ್ಪು, ಬಣ್ಣ ತುಂಬದಿದ್ದರೆ ದೂರದಿಂದ ಕಾಣುವುದಿಲ್ಲ. ಅದರ ಪುಡಿ ಕೆಲವರ ಚರ್ಮಕ್ಕೂ ಉಸಿರಿಗೂ ಆಗುವುದಿಲ್ಲ, ಮಾಸ್ಕ್ ಹಾಕಿಕೊಳ್ಳಿ. ಹಲಸಿನಲ್ಲಿ ಎಳೆಗಳು ಒಂದಕ್ಕೊಂದು ಎದುರಾಗಿ ಹೆಣೆದುಕೊಂಡಿರುತ್ತವೆ, ದೊಡ್ಡ ಅಕ್ಷರಕ್ಕೆ ಸರಿ, ಸಣ್ಣದಕ್ಕೆ ಬೇಡ. ಪ್ಲೈವುಡ್ ಬಿಟ್ಟುಬಿಡಿ. ಒಂದೂವರೆ ಮಿ.ಮೀ. ಇಳಿಯುವಷ್ಟರಲ್ಲಿ ಎಳೆಯ ದಿಕ್ಕೇ ಬದಲಾಗಿರುತ್ತದೆ. ಶ್ರೀಗಂಧದ ಸೂಕ್ಷ್ಮ ಕೆತ್ತನೆ ಸಾಗರ, ಸೊರಬದ ಗುಡಿಗಾರರ ಮನೆತನಗಳ ಕೈಗೆ ಒಗ್ಗಿದ ವಿದ್ಯೆ. ಆ ಮರದ ಬೆಲೆಯೂ ಜಾಸ್ತಿ, ಕಾನೂನಿನ ಕಟ್ಟುಪಾಡೂ ಜಾಸ್ತಿ. ಅಭ್ಯಾಸಕ್ಕೆ ಅದು ಬೇಡ.

ಮರ ಯಾವುದೇ ಇರಲಿ, ಚೆನ್ನಾಗಿ ಒಣಗಿರಬೇಕು. ಹಸಿ ಇದ್ದರೆ ಕಡಿತದ ಗೋಡೆ ನಯವಾಗದೆ ನಾರುನಾರಾಗಿ ನಿಲ್ಲುತ್ತದೆ. ಇನ್ನೊಂದು, ಅದೇ ಹಲಗೆಯಿಂದ ಕತ್ತರಿಸಿದ ಒಂದು ತುಂಡು ಪಕ್ಕದಲ್ಲಿರಲಿ. ಪ್ರತಿ ಹೆಜ್ಜೆಯನ್ನೂ ಮೊದಲು ಅದರ ಮೇಲೆ ಮಾಡಿ ನೋಡಿ.

ಅಕ್ಷರದ ನಕ್ಷೆ

ಕೈಬರಹ ಚೆನ್ನಾಗಿದ್ದರೆ ಕೈಯಲ್ಲೇ ಬರೆಯಿರಿ, ಅದಕ್ಕಿಂತ ಒಳ್ಳೆಯದು ಬೇರೆ ಇಲ್ಲ. ಫಾಂಟ್ ಬೇಕೆಂದರೆ ಯೂನಿಕೋಡ್ ಫಾಂಟನ್ನೇ ಹಿಡಿಯಿರಿ. ಹಳೆಯ ‘ನುಡಿ’ ಅಥವಾ ‘ಬರಹ’ ತಂತ್ರಾಂಶದ ಯೂನಿಕೋಡ್ ಅಲ್ಲದ ಅಕ್ಷರಗಳಲ್ಲಿ ಟೈಪ್ ಮಾಡಿದ ಪದವನ್ನು ಇನ್ನೊಂದು ಕಂಪ್ಯೂಟರಿನಲ್ಲಿ ತೆರೆದರೆ ಅರ್ಥವಿಲ್ಲದ ಗುರುತುಗಳಾಗಿ ಕಾಣಬಹುದು. ‘ಬಲೂ ತಮ್ಮ’ ಅನ್ನುವ ಫಾಂಟ್ ದುಂಡಗೆ, ದಪ್ಪಗೆ ಇದೆ. ಮಕ್ಕಳ ಹೆಸರಿಗೆ ಚೆಂದ, ಆದರೆ ಗೆರೆ ದಪ್ಪ ಇರುವುದರಿಂದ ಒಳಜಾಗ ಕಿರಿದು. ನೋಟೋ ಸ್ಯಾನ್ಸ್ ಕನ್ನಡದಲ್ಲಿ ತೆಳುವಿನಿಂದ ದಪ್ಪದವರೆಗೆ ಹಲವು ತೂಕಗಳಿವೆ, ಬೇಕಾದ್ದನ್ನು ಆರಿಸಬಹುದು. ನನ್ನ ಕೇಳಿದರೆ, ಮೊದಲ ಸಲಕ್ಕೆ ಗೆರೆಯ ದಪ್ಪ ಎಲ್ಲ ಕಡೆ ಹೆಚ್ಚೂಕಮ್ಮಿ ಒಂದೇ ಇರುವ ಫಾಂಟ್ ತೆಗೆದುಕೊಳ್ಳಿ. ದಪ್ಪ ತೆಳು ಆಡುವ ಅಕ್ಷರದಲ್ಲಿ ಕಡಿತದ ಆಳವೂ ಕ್ಷಣಕ್ಷಣಕ್ಕೆ ಬದಲಾಗಬೇಕು. ಅದು ಕೈ ಪಳಗಿದ ಮೇಲೆ.

ಈಗ ಅಳತೆ. ಮೈ 25 ಮಿ.ಮೀ. ಇದ್ದರೆ ಗೆರೆಯ ಅಗಲ 3 ಮಿ.ಮೀ. ಇರಲಿ. ಪದದ ಪೂರ್ತಿ ಎತ್ತರ ಅಷ್ಟೇ ಅಲ್ಲ ಅನ್ನುವುದನ್ನು ಮರೆಯಬೇಡಿ. ‘ನೆ’ಯ ಎತ್ವ, ‘ದಿ’ಯ ಗುಡಿಸು ಮೇಲೆ ಸುಮಾರು 10 ಮಿ.ಮೀ. ಕೇಳುತ್ತವೆ. ಕೆಳಗಿನ ‘ಮ’ ಒತ್ತು 12ರಿಂದ 15 ಮಿ.ಮೀ. ಕೇಳುತ್ತದೆ. ಅಂದರೆ ಹೆಚ್ಚೂಕಮ್ಮಿ 50 ಮಿ.ಮೀ. ಆಯಿತು. 100 ಮಿ.ಮೀ. ಹಲಗೆಯಲ್ಲಿ ಮೇಲೆ ಕೆಳಗೆ ಇಪ್ಪತ್ತೈದಿಪ್ಪತ್ತೈದು ಉಳಿಯಿತು. ಇದಕ್ಕಿಂತ ಕಡಿಮೆ ಬಿಟ್ಟರೆ ಪದ ಉಸಿರು ಕಟ್ಟಿದಂತೆ ಕಾಣುತ್ತದೆ. ಪದವನ್ನು ನಡುವಿಗೆ ತರುವಾಗ ಅಕ್ಷರದ ಮೈಯನ್ನೇ ಹಲಗೆಯ ನಡುವೆ ಇಡಿ, ಬೇಕಿದ್ದರೆ ಒಂದೆರಡು ಮಿ.ಮೀ. ಮೇಲಕ್ಕೆ. ಒತ್ತನ್ನು ಸೇರಿಸಿ ನಡು ಹುಡುಕಿದರೆ ಪದ ಮೇಲಕ್ಕೆ ತೇಲಿದಂತೆ ತೋರುತ್ತದೆ.

ಕಂಪ್ಯೂಟರಿನ ಫಾಂಟನ್ನು ಹಾಗೇ ಮರಕ್ಕಿಳಿಸಬೇಡಿ. ಅದು ಕಾಗದಕ್ಕೂ ಪರದೆಗೂ ಮಾಡಿದ್ದು. ಇಂಕ್‌ಸ್ಕೇಪ್‌ನಂಥ ಉಚಿತ ತಂತ್ರಾಂಶದಲ್ಲಿ ಟೈಪ್ ಮಾಡಿದ ಅಕ್ಷರವನ್ನು ತಿದ್ದಬಹುದಾದ ಗೆರೆಯಾಗಿ ಬದಲಿಸಿಕೊಂಡು ಮೂರು ತಿದ್ದುಪಡಿ ಮಾಡಿ.

ಒಂದು, ಒತ್ತನ್ನು ನೂರಕ್ಕೆ ಹತ್ತು ಹದಿನೈದರಷ್ಟು ದೊಡ್ಡದು ಮಾಡಿ. ಸಾಮಾನ್ಯವಾಗಿ ಒತ್ತಿನ ಗೆರೆ ಮೈಗೆರೆಗಿಂತ ತೆಳು ಇರುತ್ತದೆ. ಕೆತ್ತಿದಾಗ ಅದರ ಆಳವೂ ಕಡಿಮೆಯಾಗಿ, ನೆರಳು ಮಾಯವಾಗಿ, ಗೀಚಿದ ಗುರುತಿನಂತೆ ಕಾಣುತ್ತದೆ. ತ, ನ, ಮ, ಯ, ರ, ಲ ಈ ಆರರ ಒತ್ತುಗಳು ತಮ್ಮದೇ ಆಕಾರದ ಬಳುಕುವ ಗೆರೆಗಳು, ಕೆತ್ತಲು ಸುಲಭ. ಉಳಿದವು ಬಹುಪಾಲು ತಲೆಕಟ್ಟು ಕಳಚಿದ ಪುಟ್ಟ ಅಕ್ಷರಗಳೇ. ‘ದೊಡ್ಡ’, ‘ತೊಟ್ಟಿ’ಯಂಥ ಪದಗಳಲ್ಲಿ ಕೆಳಗೆ ಇನ್ನೊಂದು ಇಡೀ ಅಕ್ಷರವನ್ನು ಅರ್ಧ ಗಾತ್ರದಲ್ಲಿ ಕೆತ್ತಬೇಕು. ಅಂಥ ಪದವಾದರೆ ಮೈಯನ್ನೇ 30 ಮಿ.ಮೀ.ಗೆ ಏರಿಸಿ.

ಎರಡು, ಒಳಜಾಗ ಅಳೆಯಿರಿ. ಗುಡಿಸಿನ ಬಳೆಯೊಳಗೆ ಉಳಿಯುವ ಮರದ ದ್ವೀಪ ಆಲೆ ಮರದಲ್ಲಿ ಕನಿಷ್ಠ 2 ಮಿ.ಮೀ., ತೇಗದಲ್ಲಿ 3 ಮಿ.ಮೀ. ಅಗಲ ಇರಲಿ. ಅದಕ್ಕಿಂತ ಕಿರಿದಾದರೆ ಬಳೆಯನ್ನು ಹಿಗ್ಗಿಸಿ. ಅಕ್ಷರದ ಅಂದ ಸ್ವಲ್ಪ ಆಚೀಚೆಯಾದರೂ ಪರವಾಗಿಲ್ಲ. ‘ಠ’ದ ನಡುಚುಕ್ಕೆಗೂ ಇದೇ ಮಾತು. ಚುಕ್ಕೆಯ ಸುತ್ತ ಮರ ಉಳಿಯದಿದ್ದರೆ ಅದು ‘ಠ’ ಅಂತ ಯಾರಿಗೂ ಅನಿಸುವುದಿಲ್ಲ.

ಮೂರು, ಅಕ್ಷರಗಳ ನಡುವಿನ ಅಂತರವನ್ನು ಸ್ಕೇಲಿನಿಂದ ಸಮ ಮಾಡಬೇಡಿ, ಕಣ್ಣಿನಿಂದ ಮಾಡಿ. ಎರಡು ದುಂಡು ಹೊಟ್ಟೆಗಳು ಎದುರಾದಾಗ ಹತ್ತಿರ ತನ್ನಿ. ‘ಮ’ದ ಬಾಲದ ಪಕ್ಕದಲ್ಲಿ ಸ್ವಲ್ಪ ಜಾಗ ಬಿಡಿ. ಕಾಗದವನ್ನು ತಲೆಕೆಳಗು ಹಿಡಿದು ನೋಡಿದರೆ ಪದ ಓದುವುದು ನಿಂತು ಬರೀ ಆಕಾರ ಕಾಣುತ್ತದೆ. ಎಲ್ಲಿ ಒತ್ತಾಯಿತು, ಎಲ್ಲಿ ಸಡಿಲಾಯಿತು ಅಂತ ಆಗ ತಕ್ಷಣ ಗೊತ್ತಾಗುತ್ತದೆ.

ಮರಕ್ಕೆ ಇಳಿಸುವುದು

ಹಲಗೆಗೆ ಉಜ್ಜುಗೊರಡು ಹೊಡೆದು, 180, ಆಮೇಲೆ 240 ನಂಬರ್ ಸ್ಯಾಂಡ್‌ಪೇಪರಿನಲ್ಲಿ ಉಜ್ಜಿ, ಪುಡಿಯನ್ನೆಲ್ಲ ಬ್ರಷ್‌ನಿಂದ ತೆಗೆಯಿರಿ. ಕಾಗದದ ಮರಳಿನ ಕಣ ಎಳೆಯಲ್ಲಿ ಸಿಕ್ಕಿಕೊಂಡಿದ್ದರೆ ಚಾಕುವಿನ ಅಂಚು ಹಾಳಾಗುತ್ತದೆ. ಪೆಟ್ಟಿಗೆಯಾದರೆ ಜೋಡಿಸುವ ಮೊದಲೇ ಮುಚ್ಚಳದ ಹಲಗೆಯನ್ನು ಕೆತ್ತಿ. ಮಟ್ಟಸವಾಗಿ ಮಲಗಿಸಿ ಕ್ಲ್ಯಾಂಪ್ ಹಾಕುವ ಸುಖ ಜೋಡಿಸಿದ ಪೆಟ್ಟಿಗೆಯಲ್ಲಿ ಸಿಗುವುದಿಲ್ಲ.

ಕಾರ್ಬನ್ ಕಾಗದ ಇಟ್ಟು ತಿದ್ದುವುದು ಹಳೆಯ ದಾರಿ. ಸಣ್ಣ ಅಕ್ಷರಕ್ಕೆ ಅದು ಸಾಲದು. ಪೆನ್ಸಿಲ್ ಗೆರೆ ಅರ್ಧ ಮಿ.ಮೀ. ಆಚೀಚೆ ಹೋದರೂ ಗುಡಿಸಿನ ಒಳಜಾಗ ಹೋಯಿತು. ನಾನು ಒಪ್ಪುವುದು ಪ್ರಿಂಟ್ ತೆಗೆದ ಕಾಗದವನ್ನೇ ಗ್ಲೂ ಸ್ಟಿಕ್‌ನಿಂದ ಮರಕ್ಕೆ ಅಂಟಿಸಿ, ಕಾಗದದ ಸಮೇತ ಕತ್ತರಿಸುವುದನ್ನು. ಫೆವಿಕಾಲ್ ಬೇಡ, ಆಮೇಲೆ ಬಿಡಿಸಲು ಪರದಾಡಬೇಕು. ಪ್ರಿಂಟ್ ಕೊಡುವಾಗ ಪುಟಕ್ಕೆ ಹೊಂದಿಸುವ ಆಯ್ಕೆ ತೆಗೆದು, ನೂರಕ್ಕೆ ನೂರು ಗಾತ್ರ ಇದೆಯೇ ನೋಡಿ. ಅಕ್ಷರಕ್ಕೆ ಕಪ್ಪು ತುಂಬಬೇಡಿ, ಅಂಚಿನ ತೆಳು ಗೆರೆ ಮತ್ತು ನಡುಗೆರೆ ಎರಡೇ ಇರಲಿ. ನಡುಗೆರೆ ಯಾಕೆ ಅನ್ನುವುದು ಮುಂದೆ ಗೊತ್ತಾಗುತ್ತದೆ.

ಆಲೆಯಂಥ ಬಿಳಿ ಮರಕ್ಕೆ ಇನ್ನೊಂದು ದಾರಿಯಿದೆ. ಲೇಸರ್ ಪ್ರಿಂಟರಿನಲ್ಲಿ ಪದವನ್ನು ಕನ್ನಡಿಯಲ್ಲಿ ಕಂಡಂತೆ ತಿರುಗಿಸಿ ತೆಗೆದು, ಮುಖ ಕೆಳಗೆ ಮಾಡಿ ಇಟ್ಟು, ಹಿಂದಿನಿಂದ ಬಿಸಿ ಇಸ್ತ್ರಿಪೆಟ್ಟಿಗೆ ಒತ್ತುವುದು. ಟೋನರ್ ಕರಗಿ ಮರಕ್ಕೆ ಅಂಟುತ್ತದೆ. ಇಂಕ್‌ಜೆಟ್ ಪ್ರಿಂಟಿಗೆ ಇದು ಆಗುವುದಿಲ್ಲ.

ಎಳೆಯ ದಿಕ್ಕು ಪದದ ಉದ್ದಕ್ಕೇ, ಅಂದರೆ ಎಡದಿಂದ ಬಲಕ್ಕೆ ಇರಲಿ. ಮುಂದೆ ಹೇಳುವುದೆಲ್ಲ ಹೀಗೆ ಇಟ್ಟ ಹಲಗೆಗೆ.

ಚಾಕು, ಉಳಿ, ಸಾಣೆ

ಒಂದು ಅಂಗುಲದ ಅಕ್ಷರಕ್ಕೆ ದೊಡ್ಡ ಸಾಮಾನು ಬೇಡ. ಗಿಡ್ಡ ಅಲಗಿನ, ಚೂಪು ತುದಿಯ ಕೆತ್ತನೆ ಚಾಕು ಒಂದು. 3 ಮಿ.ಮೀ. ಚಪ್ಪಟೆ ಉಳಿ ಒಂದು. ದುಂಡು ಮೂತಿಯ ಸಣ್ಣ ಉಳಿ ಇದ್ದರೆ ಒಳ್ಳೆಯದು. ಚಾಕು ಸಿಗದಿದ್ದರೆ ಹಳೆಯ ಹ್ಯಾಕ್ಸಾ ಬ್ಲೇಡಿನ ತುಂಡನ್ನು ಸಾಣೆ ಹಿಡಿದು, ಮರದ ಹಿಡಿ ಹಾಕಿ ಮಾಡಿಕೊಳ್ಳಬಹುದು. ಸಾಣೆ ಹಿಡಿಯುವಾಗ ಬ್ಲೇಡು ನೀಲಿ ತಿರುಗಲು ಬಿಡಬೇಡಿ, ಆಗಾಗ ನೀರಿಗದ್ದಿ. ಸಾಮಾನ್ಯ ಕಾರ್ಬನ್ ಉಕ್ಕಾದರೆ ನೀಲಿ ತಿರುಗಿದ ಜಾಗ ಮೆದುವಾಗಿರುತ್ತದೆ. ಗುಂಡಿ ಒತ್ತಿ ಹೊರಗೆಳೆಯುವ ಪೇಪರ್ ಕಟರ್ ಬೇಡವೇ ಬೇಡ. ಬ್ಲೇಡು ಬಾಗುತ್ತದೆ, ಮುರಿದರೆ ಕೈಗೆ.

ಸಾಣೆಯ ಬಗ್ಗೆ ಸ್ವಲ್ಪ ಹಟ ಇರಲಿ. 1000 ನಂಬರ್ ಕಲ್ಲಿನ ಮೇಲೆ ಅಂಚು ತಂದು, ಹಲಗೆಗೆ ಅಂಟಿಸಿದ ಚರ್ಮದ ಪಟ್ಟಿಗೆ ಪಾಲಿಶ್ ಸೋಪು ಹಚ್ಚಿ, ಅಲಗನ್ನು ಹಿಮ್ಮುಖವಾಗಿ ಎಳೆಯುತ್ತಾ ಹೋಗಿ. ಹರಿತ ನೋಡಲು ಬೆರಳು ಬೇಡ. ತುಂಡು ಮರದ ಮೇಲೆ ಎಳೆಗೆ ಅಡ್ಡವಾಗಿ ಒಂದು ಓರೆ ಕಡಿತ ಹಾಕಿ. ಕಡಿದ ಗೋಡೆ ಹೊಳೆಯಬೇಕು. ಬೆಳ್ಳಗೆ, ನಾರುನಾರಾಗಿ ಕಂಡರೆ ಅಲಗು ಇನ್ನೂ ಸಿದ್ಧವಿಲ್ಲ. ತೇಗದಲ್ಲಾದರೆ ಪ್ರತಿ ಅಕ್ಷರ ಮುಗಿದ ಮೇಲೂ ಚರ್ಮಕ್ಕೆ ಎಳೆಯಿರಿ.

ಬೆಳಕನ್ನೂ ಸಾಮಾನಿನ ಲೆಕ್ಕಕ್ಕೇ ಸೇರಿಸಿ. ತಲೆಯ ಮೇಲಿನ ಟ್ಯೂಬ್‌ಲೈಟಿನಲ್ಲಿ ಕಡಿತದ ಆಳ ಕಾಣುವುದಿಲ್ಲ. ಮೇಜಿನ ದೀಪವನ್ನು ಎಡಗಡೆ ತಗ್ಗಿನಲ್ಲಿ ಇಡಿ, ಬೆಳಕು ಹಲಗೆಯ ಮೇಲೆ ಓರೆಯಾಗಿ ಹರಿಯಲಿ. ಆಗ ಪ್ರತಿ ಗೋಡೆಗೂ ನೆರಳು ಬೀಳುತ್ತದೆ, ತಪ್ಪೆಲ್ಲ ಕಣ್ಣಿಗೆ ಬೀಳುತ್ತದೆ.

ಕತ್ತರಿಸುವುದು

ನಾವು ಮಾಡುವುದು ವಿ ಆಕಾರದ ಕಾಲುವೆ. ಎರಡು ಓರೆ ಗೋಡೆಗಳು ಕೆಳಗೆ ಒಂದೇ ಗೆರೆಯಲ್ಲಿ ಸೇರಬೇಕು. ಗೋಡೆಗಳು 45 ಡಿಗ್ರಿ ಇದ್ದರೆ ಆಳ ಅಗಲದ ಅರ್ಧ. ಅಂದರೆ 3 ಮಿ.ಮೀ. ಗೆರೆಗೆ ಒಂದೂವರೆ ಮಿ.ಮೀ. ಆಳ. ಇನ್ನೂ ಕಡಿದಾಗಿ 60 ಡಿಗ್ರಿ ಹಿಡಿದರೆ ಆಳ 2.6 ಮಿ.ಮೀ. ಆಗುತ್ತದೆ, ನೆರಳು ಗಾಢವಾಗಿ ಬೀಳುತ್ತದೆ. ಮೆದು ಮರದಲ್ಲಿ ಕಡಿದಾಗಿ, ತೇಗ ಬೀಟೆಯಲ್ಲಿ 45ರ ಹತ್ತಿರ ಹಿಡಿಯಿರಿ. ಕೋನ ಯಾವುದೇ ಆಗಲಿ, ಪದ ಮುಗಿಯುವವರೆಗೆ ಬದಲಾಗಬಾರದು.

ಮೊದಲ ಕಡಿತ ನಡುಗೆರೆಯ ಮೇಲೆ. ಚಾಕುವನ್ನು ನೆಟ್ಟಗೆ ಹಿಡಿದು ಸುಮಾರು ಒಂದು ಮಿ.ಮೀ. ಆಳಕ್ಕೆ ಎಳೆಯಿರಿ. ಇದು ತಡೆಗಡಿತ. ಓರೆ ಕಡಿತ ಹಾಕುವಾಗ ಮರ ಸೀಳಿದರೂ ಸೀಳು ಇಲ್ಲಿಗೆ ಬಂದು ನಿಲ್ಲುತ್ತದೆ. ಆಮೇಲೆ ಅಂಚಿನ ಗೆರೆಯಿಂದ ಒಳಗೆ ಚೂರು ಬಿಟ್ಟು, ಒಂದು ಪಕ್ಕದಿಂದ ಓರೆಯಾಗಿ ನಡುಗೆರೆಯ ಬುಡಕ್ಕೆ ಕಡಿತ, ಇನ್ನೊಂದು ಪಕ್ಕದಿಂದ ಹಾಗೇ. ಸರಿಯಾದರೆ ನಡುವಿನ ಚೂರು ದಾರದಂತೆ ತಾನೇ ಎದ್ದು ಬರುತ್ತದೆ. ಬರದಿದ್ದರೆ ಚಾಕುವಿನ ತುದಿಯಿಂದ ಮೀಟಬೇಡಿ, ಅಂಚು ಜಜ್ಜಿಹೋಗುತ್ತದೆ. ಅದೇ ಕಡಿತಗಳನ್ನು ಇನ್ನೊಮ್ಮೆ ಆಳಕ್ಕೆ ಹಾಕಿ. ಗಟ್ಟಿ ಮರದಲ್ಲಿ ಇದನ್ನು ಎರಡು ಮೂರು ಸುತ್ತು ಮಾಡಬೇಕು. ಕೊನೆಯ ಸುತ್ತಿನಲ್ಲಿ ಮಾತ್ರ ಅಂಚಿನ ಗೆರೆಯನ್ನು ಮುಟ್ಟಿ.

ಕೈ ಎಲ್ಲಿರಬೇಕು ಅನ್ನುವುದೂ ಮುಖ್ಯ. ಚಾಕು ಹಿಡಿದ ಕೈಯ ಹೆಬ್ಬೆರಳು ಹಲಗೆಯ ಮೇಲೆ ಊರಿರಲಿ, ಚಾಕು ಅದರ ಆಸರೆಯಲ್ಲೇ ಜಾರಲಿ. ಇನ್ನೊಂದು ಕೈ ಯಾವತ್ತೂ ಅಲಗಿನ ಹಿಂದೆ. ಹಲಗೆಗೆ ಕ್ಲ್ಯಾಂಪ್ ಹಾಕಿದ್ದರೆ ಆ ಕೈಗೆ ಹಿಡಿಯುವ ಕೆಲಸವೇ ಇರುವುದಿಲ್ಲ.

ಇನ್ನು ಬಾಗು. ಕನ್ನಡ ಕೆತ್ತನೆಯ ಜೀವ ಇರುವುದು ಇಲ್ಲಿ, ಹಾಗಾಗಿ ಸ್ವಲ್ಪ ನಿಧಾನವಾಗಿ ನೋಡೋಣ. ‘ದಿ’ಯ ಗುಡಿಸನ್ನು ಗಡಿಯಾರದ ಮುಖ ಅಂದುಕೊಳ್ಳಿ. ಎಳೆ ಎಡದಿಂದ ಬಲಕ್ಕೆ ಓಡುತ್ತಿದೆ. 12 ಮತ್ತು 6ರ ಹತ್ತಿರ ಕಾಲುವೆ ಎಳೆಯ ಜೊತೆಗೇ ಸಾಗುತ್ತದೆ. 3 ಮತ್ತು 9ರ ಹತ್ತಿರ ಎಳೆಗೆ ಅಡ್ಡ ಬೀಳುತ್ತದೆ. ಒಂದೇ ಎಳೆತದಲ್ಲಿ ಸುತ್ತು ಹೊಡೆದರೆ ಅರ್ಧ ಸುತ್ತು ನಯವಾಗಿ ಬಂದು, ಉಳಿದರ್ಧದಲ್ಲಿ ಮರ ಕಿತ್ತು ಬರುತ್ತದೆ.

ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ. ಈ ಕ್ಷಣ ಅಲಗಿನ ಮುಂದೆ ಎಳೆ ಸೀಳಿಕೊಂಡರೆ, ಆ ಸೀಳು ಕಾಲುವೆಯೊಳಗೆ ಹೋಗುತ್ತದೋ, ಉಳಿಯಬೇಕಾದ ಮರದೊಳಗೆ ಹೋಗುತ್ತದೋ? ಕಾಲುವೆಯೊಳಗೆ ಹೋದರೆ ನಷ್ಟವಿಲ್ಲ, ಅದು ಹೇಗೂ ಹೋಗುವ ಮರ. ಈ ಲೆಕ್ಕದಲ್ಲಿ ಬಳೆಯ ಹೊರಗೋಡೆಯನ್ನು 3ರಿಂದ 12ಕ್ಕೆ, 9ರಿಂದ 12ಕ್ಕೆ, ಹಾಗೇ 3ರಿಂದ 6ಕ್ಕೆ, 9ರಿಂದ 6ಕ್ಕೆ ಕತ್ತರಿಸಬೇಕು. ಒಳಗೋಡೆಗೆ, ಅಂದರೆ ದ್ವೀಪದ ಕಡೆಯ ಗೋಡೆಗೆ, ಪೂರ್ತಿ ಉಲ್ಟಾ: 12ರಿಂದ 3ಕ್ಕೆ, 12ರಿಂದ 9ಕ್ಕೆ, 6ರಿಂದ 3ಕ್ಕೆ, 6ರಿಂದ 9ಕ್ಕೆ. ಒಟ್ಟು ಎಂಟು ಚಿಕ್ಕ ಕಡಿತ. ಹೊರಗೋಡೆಯಲ್ಲಿ ಪಕ್ಕದಿಂದ ಮೇಲಕ್ಕೋ ಕೆಳಕ್ಕೋ, ಒಳಗೋಡೆಯಲ್ಲಿ ಮೇಲಿನಿಂದಲೋ ಕೆಳಗಿನಿಂದಲೋ ಪಕ್ಕಕ್ಕೆ. ತುಂಡು ಮರದ ಮೇಲೆ ಒಂದು ಸಾಲು ಬರೀ ‘ರ’ ಕೆತ್ತಿ ನೋಡಿ. ಸಾಲು ಮುಗಿಯುವಷ್ಟರಲ್ಲಿ ಇದು ಲೆಕ್ಕವಾಗಿ ಉಳಿಯದೆ ಕೈಗೇ ಗೊತ್ತಾಗಿರುತ್ತದೆ. ದಿಕ್ಕು ಬದಲಿಸುವಾಗ ಮೈ ತಿರುಚಿಕೊಳ್ಳಬೇಡಿ, ಕ್ಲ್ಯಾಂಪ್ ಸಡಿಲಿಸಿ ಹಲಗೆಯನ್ನೇ ತಿರುಗಿಸಿ.

ದ್ವೀಪದ ಮರ ಚಿಕ್ಕದು, ಅದರ ಎಳೆಗಳೂ ಗಿಡ್ಡ. ಪಕ್ಕದಿಂದ ಒತ್ತಡ ಬಿದ್ದರೆ ಹಾರಿಹೋಗುತ್ತದೆ. ಅದಕ್ಕೇ ಯಾವಾಗಲೂ ಒಳಗೋಡೆ ಮೊದಲು, ಹೊರಗೋಡೆ ಆಮೇಲೆ. ಒಳಗೋಡೆ ಕತ್ತರಿಸುವಾಗ ಹೊರಗಿನ ಮರ ಇನ್ನೂ ತುಂಬಿಕೊಂಡಿರುವುದರಿಂದ ದ್ವೀಪಕ್ಕೆ ಆಸರೆ ಇರುತ್ತದೆ. ಕೆತ್ತುವ ಮೊದಲು ದ್ವೀಪದ ಮೇಲೆ ತೆಳು ಸೂಪರ್ ಗ್ಲೂ ಒಂದು ಹನಿ ಬಿಟ್ಟು ಒಣಗಿಸಿದರೆ ಎಳೆಗಳು ಇನ್ನೂ ಗಟ್ಟಿಯಾಗಿ ಹಿಡಿದುಕೊಳ್ಳುತ್ತವೆ. ಆದರೆ ಅಂಟು ಕುಡಿದ ಜಾಗಕ್ಕೆ ಪಾಲಿಶ್ ಹಿಡಿಯುವುದಿಲ್ಲ, ಮಚ್ಚೆ ಉಳಿಯುತ್ತದೆ. ಬಣ್ಣ ಬಳಿಯುವ ಕೆಲಸಕ್ಕೆ ಮಾತ್ರ ಇದು.

ಪದದಲ್ಲಿ ಯಾವುದು ಮೊದಲು? ನಾನಾದರೆ ‘ಮ’ದಿಂದ ಶುರು ಮಾಡುತ್ತೇನೆ. ಅದರ ಗೆರೆ ಉದ್ದ, ಬಾಗು ವಿಶಾಲ, ಕೈ ಹದಕ್ಕೆ ಬರಲು ಜಾಗವಿದೆ. ಆಮೇಲೆ ‘ನೆ’ಯ ಮೈ, ‘ದಿ’ಯ ಮೈ. ಎತ್ವ, ಒತ್ತು, ಗುಡಿಸು ಕೊನೆಗೆ. ತಲೆಕಟ್ಟಿನ ತುದಿಯನ್ನು ಮೊಂಡಾಗಿ ನಿಲ್ಲಿಸಬೇಡಿ. ಚಾಕುವನ್ನು ಮೆಲ್ಲಗೆ ಮೇಲೆತ್ತುತ್ತಾ ಹೋದರೆ ಕಾಲುವೆ ತಾನೇ ಕಿರಿದಾಗಿ ಚೂಪಾಗಿ ಮುಗಿಯುತ್ತದೆ. ಕೈಯಲ್ಲಿ ಕೆತ್ತಿದ ಅಕ್ಷರಕ್ಕೂ ಯಂತ್ರದ ಅಕ್ಷರಕ್ಕೂ ಇರುವ ವ್ಯತ್ಯಾಸ ಈ ತುದಿಗಳಲ್ಲಿ ಕಾಣುತ್ತದೆ. ಗೆರೆ ಗೆರೆಯನ್ನು ಕೂಡುವಲ್ಲಿ ಎರಡು ಕಾಲುವೆಗಳ ತಳವೂ ಒಂದೇ ಆಳದಲ್ಲಿ ಸೇರಬೇಕು. ಅಲ್ಲಿ ಸಣ್ಣ ದಿಬ್ಬ ಉಳಿದರೆ 3 ಮಿ.ಮೀ. ಉಳಿಯ ಮೂಲೆಯಿಂದ ತೆಗೆಯಿರಿ.

ಇನ್ನೊಂದು ಎಚ್ಚರಿಕೆ ಕನ್ನಡಕ್ಕೇ ಸೇರಿದ್ದು. ‘ದ’ಕ್ಕೂ ‘ಧ’ಕ್ಕೂ, ‘ಬ’ಕ್ಕೂ ‘ಭ’ಕ್ಕೂ, ‘ಡ’ಕ್ಕೂ ‘ಢ’ಕ್ಕೂ ಇರುವ ವ್ಯತ್ಯಾಸ ಬುಡದ ಒಂದು ಸೀಳು. ‘ದಿ’ಯ ಕೆಳಗೆ ಚಾಕು ಎರಡು ಮಿ.ಮೀ. ಜಾರಿದರೂ ಮಹಾಪ್ರಾಣ ಬಂದುಬಿಡುತ್ತದೆ. ಬುಡದ ಆ ಜಾಗದಲ್ಲಿ ಕಡಿತವನ್ನು ಅಕ್ಷರದ ಒಳಮುಖವಾಗಿ ಮುಗಿಸಿ, ಹೊರಮುಖವಾಗಿ ಬೇಡ.

ಚೂರೇನಾದರೂ ಎದ್ದರೆ ಕೆಲಸ ನಿಲ್ಲಿಸಿ ಮೊದಲು ಆ ಚೂರನ್ನು ಹುಡುಕಿ. ಅದೇ ಚೂರು ಅದೇ ಜಾಗಕ್ಕೆ ಕೂರುವಷ್ಟು ಚೆನ್ನಾಗಿ ಬೇರೆ ಯಾವುದೂ ಕೂರುವುದಿಲ್ಲ. ಸೂಜಿಯ ತುದಿಯಲ್ಲಿ ಫೆವಿಕಾಲ್ ತೆಗೆದುಕೊಂಡು ಹಚ್ಚಿ, ಚೂರು ಕೂರಿಸಿ, ಮೇಲೆ ಪ್ಲಾಸ್ಟಿಕ್ ಹಾಳೆ ಇಟ್ಟು ಟೇಪ್ ಬಿಗಿಯಿರಿ. ರಾತ್ರಿ ಹಾಗೇ ಬಿಟ್ಟು ಬೆಳಿಗ್ಗೆ ಮುಂದುವರಿಸಿ.

ಚೊಕ್ಕ ಮಾಡುವುದು

ಕೆತ್ತಿ ಮುಗಿದ ಮೇಲೆ ಉಳಿದ ಕಾಗದವನ್ನು ಒದ್ದೆ ಬಟ್ಟೆಯಿಂದ ಮೆತ್ತಗೆ ಮಾಡಿ ತೆಗೆಯಿರಿ. ಪೂರ್ತಿ ಒಣಗಲಿ. ಕಾಲುವೆಯೊಳಗೆ ಸ್ಯಾಂಡ್‌ಪೇಪರ್ ಹಾಕಲೇಬೇಡಿ. ಚಾಕು ಬಿಟ್ಟ ಹೊಳಪನ್ನು ಯಾವ ಕಾಗದವೂ ಕೊಡುವುದಿಲ್ಲ, ಜೊತೆಗೆ ತಳದ ಚೂಪು ಗೆರೆ ಹಾಳಾಗುತ್ತದೆ. ಒಳಗಿನ ಪುಡಿಗೆ ಹಳೆಯ ಹಲ್ಲುಜ್ಜುವ ಬ್ರಷ್ ಸಾಕು. ಮೇಲ್ಮೈಗೆ ಮಾತ್ರ, ಮರದ ತುಂಡಿಗೆ ಸುತ್ತಿದ 320 ನಂಬರ್ ಕಾಗದವನ್ನು ಎಳೆಯ ದಿಕ್ಕಿನಲ್ಲಿ ಹಗುರವಾಗಿ ಒಂದೆರಡು ಸಲ ಓಡಿಸಿ. ಬರೀ ಬೆರಳಿನಿಂದ ಉಜ್ಜಿದರೆ ಅಂಚು ಉರುಟಾಗಿ ಅಕ್ಷರ ಮಂಕಾಗುತ್ತದೆ.

ನಿಮ್ಮ ಗುರುತನ್ನೂ ಎಲ್ಲಾದರೂ ಹಾಕಿ. ಹೊಯ್ಸಳರ ಕಾಲದ ರೂವಾರಿಗಳು ವಿಗ್ರಹಗಳ ಪೀಠದಲ್ಲಿ ತಮ್ಮ ಹೆಸರು ಕೊರೆಯುತ್ತಿದ್ದರು. ಬೇಲೂರಿನಲ್ಲಿ ಬಳ್ಳಿಗಾವಿಯ ದಾಸೋಜನ ಹೆಸರಿದೆ, ಸೋಮನಾಥಪುರದಲ್ಲಿ ಮಲ್ಲಿತಮ್ಮನ ಹೆಸರಿದೆ. ಯಾರು ಮಾಡಿದ್ದು ಅಂತ ಇವತ್ತಿಗೂ ನಮಗೆ ಗೊತ್ತಿರುವುದು ಆ ಸಣ್ಣ ಅಕ್ಷರಗಳಿಂದ. ಹಲಗೆಯ ಹಿಂಬದಿಯಲ್ಲಿ ಹೆಸರಿನ ಮೊದಲ ಅಕ್ಷರ, ಇಸವಿ ಎರಡೇ ಸಾಕು. ಇಸವಿಗೆ ಕನ್ನಡ ಅಂಕಿಗಳನ್ನೇ ಬಳಸಿ, ‘೨’, ‘೬’ರ ಬಾಗುಗಳು ಚಾಕುವಿಗೆ ಒಳ್ಳೆಯ ಅಭ್ಯಾಸ.

ಬಣ್ಣ, ಅರಗು, ಪಾಲಿಶ್

ತೇಗದ ಮೇಲೆ ಬಣ್ಣವಿಲ್ಲದೆ, ಬರೀ ನೆರಳಿನಿಂದಲೇ ಅಕ್ಷರ ಓದಿಸುವುದು ನನಗೆ ಎಲ್ಲಕ್ಕಿಂತ ಇಷ್ಟ. ಆದರೆ ನೇರ ಬೆಳಕಿನಲ್ಲಿ, ಹತ್ತು ಅಡಿ ದೂರದಿಂದ ಓದಬೇಕಾದ ಫಲಕಕ್ಕೆ ಬಣ್ಣ ಬೇಕು.

ಬಣ್ಣ ತುಂಬುವಾಗ ಕ್ರಮ ತಪ್ಪಬಾರದು. ತೇಗವಾದರೆ ಮೊದಲು ಥಿನ್ನರ್ ಅದ್ದಿದ ಬಟ್ಟೆಯಿಂದ ಒರೆಸಿ, ಮೇಲಿನ ಎಣ್ಣೆ ಹೋಗಲಿ. ಆಮೇಲೆ ಇಡೀ ಹಲಗೆಗೆ, ಕಾಲುವೆಯ ಒಳಗೂ ಸೇರಿಸಿ, ಎರಡು ಕೈ ಸೀಲರ್ (ಮರದ ರಂಧ್ರ ಮುಚ್ಚುವ ಲೇಪ) ಹಚ್ಚಿ ಒಣಗಿಸಿ. ಈ ಹೆಜ್ಜೆ ಬಿಟ್ಟರೆ ಬಣ್ಣ ಎಳೆಗಳ ಉದ್ದಕ್ಕೂ ಹರಡಿ ಅಕ್ಷರಕ್ಕೆ ಮೀಸೆ ಬರುತ್ತದೆ. ನಂತರ ಸಣ್ಣ ಬ್ರಷ್‌ನಿಂದ ಎನಾಮೆಲ್ ಅಥವಾ ಅಕ್ರಿಲಿಕ್ ಬಣ್ಣವನ್ನು ಕಾಲುವೆಗೆ ತುಂಬಿ. ಅಂಚು ದಾಟಿದರೆ ಚಿಂತೆ ಬೇಡ. ಚೆನ್ನಾಗಿ ಒಣಗಿದ ಮೇಲೆ 320 ನಂಬರ್ ಕಾಗದವನ್ನು ತುಂಡಿಗೆ ಸುತ್ತಿ ಮೇಲ್ಮೈ ಉಜ್ಜಿದರೆ ದಾಟಿದ ಬಣ್ಣವೆಲ್ಲ ಹೋಗಿ ಅಕ್ಷರ ಚೂಪಾಗಿ ನಿಲ್ಲುತ್ತದೆ. ಸೀಲರ್ ಕಿತ್ತು ಬರಿಮರ ಕಾಣುವಷ್ಟು ಉಜ್ಜಬೇಡಿ.

ಒಳಗಿಡುವ ಪೆಟ್ಟಿಗೆಗಾದರೆ ಅರಗು ತುಂಬಿ ನೋಡಿ. ಚನ್ನಪಟ್ಟಣದವರು ತಿರುಗುವ ಮರಕ್ಕೆ ಬಣ್ಣದ ಅರಗಿನ ಕಡ್ಡಿ ಒತ್ತುತ್ತಾರೆ, ಉಜ್ಜಿದ ಬಿಸಿಗೇ ಅದು ಕರಗಿ ಹಿಡಿಯುತ್ತದೆ. ನಮ್ಮ ಹಲಗೆ ತಿರುಗುವುದಿಲ್ಲ, ಬಿಸಿಯನ್ನು ನಾವೇ ಕೊಡಬೇಕು. ಹಳೆಯ ಚಪ್ಪಟೆ ಸ್ಕ್ರೂಡ್ರೈವರ್ ಕಾಯಿಸಿ, ಅರಗಿನ ಕಡ್ಡಿಗೆ ಮುಟ್ಟಿಸಿ, ಹನಿಹನಿಯಾಗಿ ಕಾಲುವೆಗೆ ಇಳಿಸಿ. ಕಾಲುವೆ ಒಂದೂವರೆ ಮಿ.ಮೀ. ಆದರೂ ಆಳ ಇರಬೇಕು, ಇಲ್ಲದಿದ್ದರೆ ಅರಗು ಚಕ್ಕೆಯಾಗಿ ಎದ್ದು ಬರುತ್ತದೆ. ಸ್ವಲ್ಪ ಉಬ್ಬುವಷ್ಟು ತುಂಬಿ, ತಣ್ಣಗಾದ ಮೇಲೆ ಹರಿತ ಉಳಿಯಿಂದ ಹೆರೆದು ಮಟ್ಟ ಮಾಡಿ. ಆಲೆ ಮರದ ಬಿಳುಪಿನ ಮೇಲೆ ಕೆಂಪು ಅರಗಿನ ಅಕ್ಷರ ಕಣ್ಣಿಗೆ ಹಬ್ಬ. ಒಂದು ಎಚ್ಚರ: ಸ್ಪಿರಿಟ್ ಪಾಲಿಶ್ ಕೂಡ ಅರಗಿನಿಂದಲೇ ಆದದ್ದು. ಅದನ್ನು ಮೇಲೆ ಹಚ್ಚಿದರೆ ಸ್ಪಿರಿಟ್ ಅಕ್ಷರದ ಅರಗನ್ನೂ ಕರಗಿಸಿ ಬಣ್ಣವನ್ನು ಹಲಗೆಗೆಲ್ಲ ಬಳಿಯುತ್ತದೆ. ಇಂಥ ಕೆಲಸಕ್ಕೆ ಜೇನುಮೇಣ ಸಾಕು. ಬಿಸಿಲು ಬೀಳುವ ಕಡೆಯೂ ಅರಗು ಬೇಡ, ಮೆತ್ತಗಾಗುತ್ತದೆ.

ಪಾಲಿಶ್ ಯಾವುದೇ ಇರಲಿ, ತೆಳುವಾಗಿ ಹಲವು ಕೈ ಹಚ್ಚಿ. ದಪ್ಪ ವಾರ್ನಿಷ್ ಒಂದೇ ಸಲ ಸುರಿದರೆ ಅದು ಕಾಲುವೆಯ ತಳದಲ್ಲಿ ನಿಂತು, ಕಷ್ಟಪಟ್ಟು ತೆಗೆದ ಚೂಪು ಗೆರೆಯನ್ನು ಮುಚ್ಚುತ್ತದೆ. ಹಚ್ಚಿದ ಕೂಡಲೇ ಒಣ ಬ್ರಷ್‌ನಿಂದ ಕಾಲುವೆಯೊಳಗಿನ ಹೆಚ್ಚುವರಿಯನ್ನು ಎತ್ತಿಬಿಡಿ.

ಯಂತ್ರದ ದಾರಿಗಳ ಬಗ್ಗೆ ಎರಡು ಮಾತು

ಲೇಸರ್ ಅಂಗಡಿಯಲ್ಲಿ ಕೆತ್ತಿಸುವುದಾದರೂ ಮೇಲಿನ ಒಳಜಾಗದ ಲೆಕ್ಕ, ಒತ್ತಿನ ತಿದ್ದುಪಡಿ ಅನ್ವಯಿಸುತ್ತದೆ. ಅಕ್ಷರವನ್ನು ಗೆರೆಯಾಗಿ ಬದಲಿಸಿಯೇ ಫೈಲ್ ಕೊಡಿ. ಅವರ ಕಂಪ್ಯೂಟರಿನಲ್ಲಿ ಕನ್ನಡ ಸರಿಯಾಗಿ ಕೂಡದಿದ್ದರೆ ಒತ್ತು ಪಕ್ಕಕ್ಕೆ ಬಂದು ‘ನೆಮ್‌ಮದಿ’ ಆಗಿ ಸುಟ್ಟು ಬರುತ್ತದೆ. ಮನೆಯಲ್ಲೇ ಲೇಸರ್ ಇದ್ದರೆ ಪಿವಿಸಿ ಹಾಳೆ ಯಾವತ್ತೂ ಇಡಬೇಡಿ, ಕ್ಲೋರಿನ್ ಇರುವ ವಿಷದ ಹೊಗೆ ಬರುತ್ತದೆ. ಬಿಸಿ ಸೂಜಿಯಿಂದ ಮರ ಸುಟ್ಟು ಬರೆಯುವುದಕ್ಕೆ ಆಲೆ, ಶಿವನಿಯಂಥ ತಿಳಿಬಣ್ಣದ ಮರ ಸರಿ. ತೇಗದಲ್ಲಿ ಮೆದು ಪಟ್ಟಿ ಬೇಗ ಸುಟ್ಟು, ಗಟ್ಟಿ ಪಟ್ಟಿ ನಿಧಾನವಾಗಿ ಸುಟ್ಟು, ಗೆರೆ ಏರುಪೇರಾಗುತ್ತದೆ. 15 ಮಿ.ಮೀ.ಗಿಂತ ಚಿಕ್ಕ ಅಕ್ಷರ ಬೇಕೇ ಬೇಕು ಅಂದರೆ ಮಾತ್ರ ನಾನು ಸುಡುವ ದಾರಿ ಹೇಳುತ್ತೇನೆ. ಆ ಗಾತ್ರದಲ್ಲಿ ಗುಡಿಸಿನ ದ್ವೀಪ ಚಾಕುವಿಗೆ ನಿಲ್ಲುವುದಿಲ್ಲ.

ಹೊರಗೆ ಹಾಕಿದ ಫಲಕ

ಮಲೆನಾಡು, ಕರಾವಳಿಯ ಮಳೆಗೆ ಸಿಗುವ ಫಲಕವನ್ನು ಗೋಡೆಗೆ ಅಂಟಿಸಿ ಹೊಡೆಯಬೇಡಿ. ಹಿಂದೆ ಎರಡು ಸಣ್ಣ ಪಟ್ಟಿ ಇಟ್ಟು ಅರ್ಧ ಇಂಚು ಗಾಳಿ ಬಿಡಿ, ಇಲ್ಲದಿದ್ದರೆ ಹಿಂಬದಿ ಹಸಿಯಾಗಿ ಹಲಗೆ ಬಾಗುತ್ತದೆ. ಹಿಂಬದಿಗೂ, ತುದಿಗಳಿಗೂ ಮುಂಬದಿಯಷ್ಟೇ ಪಾಲಿಶ್ ಹಚ್ಚಿರಬೇಕು. ನೀರು ಮೊದಲು ಕುಡಿಯುವುದು ಎಳೆಯ ಕೊನೆ ಕಾಣುವ ತುದಿಗಳೇ. ಕಾಲುವೆಯ ತಳದಲ್ಲಿ ದೂಳು ಕೂತು, ಮಳೆಗಾಲದಲ್ಲಿ ಅದರ ಮೇಲೆ ಪಾಚಿ ಹಿಡಿಯುತ್ತದೆ. ಮಳೆ ಶುರುವಾಗುವ ಮುಂಚೆ, ಮೇ ತಿಂಗಳಲ್ಲಿ, ಒಣ ಬ್ರಷ್‌ನಿಂದ ಅಕ್ಷರಗಳ ಒಳಗೆಲ್ಲ ತಿಕ್ಕಿ. ಆಮೇಲೆ ಹೊರಾಂಗಣದ ವಾರ್ನಿಷ್ ಅಥವಾ ಎಣ್ಣೆ, ಮೊದಲು ಯಾವುದು ಹಚ್ಚಿದ್ದಿರೋ ಅದನ್ನೇ, ತೆಳುವಾಗಿ ಒಂದು ಕೈ ಹಚ್ಚಿ. ಒಂದರ ಮೇಲೆ ಇನ್ನೊಂದು ಬೇಡ, ಎಣ್ಣೆ ಕುಡಿದ ಮರಕ್ಕೆ ವಾರ್ನಿಷ್ ಸರಿಯಾಗಿ ಹಿಡಿಯುವುದಿಲ್ಲ.